ಎತ್ತಿಗೆ ಜ್ವರ, ಎಮ್ಮೆಗೆ ಬರೆ: ಎರೆಬಸ್ ಪರ್ವತದ ಕಥೆ

ಭಾಗ 1/10

ಮೊದಲನೇ ಫೋಟೋ ನೋಡಿ. ಬಿಳೀ ಹಿಮ, ಅದರ ಮೇಲೆ ಒಂದು ವಿಮಾನದ ಮುರಿದ ಚೂರು. ಅದರ ಮೇಲೆ ಸುರುಳಿ ಸುತ್ತಿದ ಎಳೆ ಜರಿಗಿಡದ ಹಾಗೆ ಕಾಣೋ ಒಂದು ಚಿಹ್ನೆ. ಅದು ಏರ್ ನ್ಯೂಜಿಲೆಂಡ್ ಕಂಪನಿಯ ಲೋಗೋ. ಜಾಗ ಅಂಟಾರ್ಕ್ಟಿಕಾ. ದಿನ 1979ರ ನವೆಂಬರ್ 28.

ಆ ವಿಮಾನದಲ್ಲಿದ್ದವರು 257 ಜನ. ಒಬ್ಬರೂ ಉಳಿಯಲಿಲ್ಲ.

ಈ ಸೀರೀಸ್ ಅಪಘಾತದ ಬಗ್ಗೆ ಅಲ್ಲ ಫ್ರೆಂಡ್ಸ್. ಅಪಘಾತ ಆದಮೇಲೆ ಏನಾಯ್ತು ಅನ್ನೋದರ ಬಗ್ಗೆ. ಸತ್ತ ಪೈಲಟ್ ಮೇಲೆ ತಪ್ಪು ಹೊರಿಸಿದ್ದು ಹೇಗೆ, ಅದನ್ನ ಇಳಿಸೋಕೆ ಒಂದು ದೇಶಕ್ಕೆ 40 ವರ್ಷ ಯಾಕೆ ಬೇಕಾಯ್ತು ಅನ್ನೋದರ ಬಗ್ಗೆ.

ನಮ್ಮ ಕಡೆ ಬಸ್ ಪಲ್ಟಿಯಾದ್ರೆ ಜನ ಮೊದಲು ಕೇಳೋದೇನು? "ಡ್ರೈವರ್ ಕುಡಿದಿದ್ನಾ?" ಬ್ರೇಕ್ ಚೆಕ್ ಮಾಡಿದ್ರಾ, ರೋಡಿನ ತಿರುವಲ್ಲಿ ಬೋರ್ಡ್ ಇತ್ತಾ, ಆ ಮನುಷ್ಯ ಎಷ್ಟು ಗಂಟೆಯಿಂದ ನಿದ್ದೆ ಇಲ್ಲದೆ ಓಡಿಸ್ತಿದ್ದ, ಇದನ್ನೆಲ್ಲ ಯಾರೂ ಕೇಳಲ್ಲ. 2025ರ ಜೂನ್‌ನಲ್ಲಿ ಅಹಮದಾಬಾದ್ ದುರಂತ ಆದಾಗ ನಿಮ್ಮ ಫ್ಯಾಮಿಲಿ ಗ್ರೂಪಲ್ಲಿ ಬಂದ ಮೆಸೇಜ್‌ಗಳನ್ನ ನೆನಪು ಮಾಡ್ಕೊಳ್ಳಿ. ತನಿಖೆ ಮುಗಿಯೋಕೆ ಮುಂಚೇನೇ ಎಷ್ಟು ಜನ ತೀರ್ಪು ಕೊಟ್ಟಿದ್ರು! ಅದಕ್ಕೇ ಈ ಹಳೇ ಕಥೆ ಈಗ ಹೇಳ್ತಿದೀನಿ.

ಭಾಗ 2/10: ಒಂದು ದಿನದ ಅಂಟಾರ್ಕ್ಟಿಕಾ ಟ್ರಿಪ್

1977ರಲ್ಲಿ ಏರ್ ನ್ಯೂಜಿಲೆಂಡ್ ಒಂದು ಹೊಸ ಟೂರ್ ಶುರು ಮಾಡ್ತು. ಬೆಳಿಗ್ಗೆ ಆಕ್ಲೆಂಡ್‌ನಿಂದ ಹೊರಡೋದು, ಅಂಟಾರ್ಕ್ಟಿಕಾ ಮೇಲೆ ಸುತ್ತು ಹಾಕೋದು, ಕೆಳಗೆ ಇಳಿಯದೇನೇ ವಾಪಸ್ ಬರೋದು. ಕಿಟಕಿಯಿಂದ ಹಿಮದ ಬೆಟ್ಟ ನೋಡ್ತಾ ಫೋಟೋ ತೆಗೀಬಹುದು. ಮೈಕ್‌ನಲ್ಲಿ ಒಬ್ಬರು ಅನುಭವಿ ವಿವರಣೆ ಕೊಡ್ತಾ ಇರ್ತಾರೆ. ಜನ ಮುಗಿಬಿದ್ದು ಟಿಕೆಟ್ ತಗೊಂಡ್ರು.

ಆ ದಿನ ವಿವರಣೆ ಕೊಡಬೇಕಿದ್ದವರು ಯಾರು ಗೊತ್ತಾ? ಎವರೆಸ್ಟ್ ಹತ್ತಿದ ಸರ್ ಎಡ್ಮಂಡ್ ಹಿಲರಿ. ಅವರಿಗೆ ಬೇರೆ ಕೆಲಸ ಇತ್ತು ಅಂತ ಅವರ ಆಪ್ತ ಸ್ನೇಹಿತ, ಪರ್ವತಾರೋಹಿ ಪೀಟರ್ ಮಲ್ಗ್ರೂ ಹೋದ್ರು. ವಾಪಸ್ ಬರಲಿಲ್ಲ. ಇದೇ ಹಿಲರಿ ಮುಂದೆ 1985ರಿಂದ ಕೆಲವು ವರ್ಷ ಭಾರತದಲ್ಲಿ ನ್ಯೂಜಿಲೆಂಡಿನ ಹೈಕಮಿಷನರ್ ಆಗಿದ್ರು.

ವಿಮಾನ ಡಿಸಿ-10. ಕ್ಯಾಪ್ಟನ್ ಜಿಮ್ ಕಾಲಿನ್ಸ್, ಫಸ್ಟ್ ಆಫೀಸರ್ ಗ್ರೆಗ್ ಕ್ಯಾಸಿನ್. ಇಬ್ಬರೂ ಪಳಗಿದ ಪೈಲಟ್‌ಗಳೇ, ಆದ್ರೆ ಇಬ್ಬರಿಗೂ ಅಂಟಾರ್ಕ್ಟಿಕಾ ಹೊಸದು. ಹಾಗಾಗಿ 19 ದಿನ ಮುಂಚೆ, ನವೆಂಬರ್ 9ರಂದು, ಕಂಪನಿ ಅವರಿಗೆ ಬ್ರೀಫಿಂಗ್ ಕೊಟ್ಟಿತ್ತು. ದಾರಿ ಹೀಗಿದೆ ಅಂತ ಅಲ್ಲಿ ತೋರಿಸಿದ್ರು. ಆ ದಾರಿ ಮೆಕ್‌ಮರ್ಡೋ ಸೌಂಡ್ ಅನ್ನೋ ಅಗಲವಾದ, ಹೆಪ್ಪುಗಟ್ಟಿದ ಸಮುದ್ರದ ಮೇಲೆ ಹೋಗ್ತಿತ್ತು. ಚಪ್ಪಟೆ ಜಾಗ. ಎಡಗಡೆ ದೂರದಲ್ಲಿ ಎರೆಬಸ್ ಅನ್ನೋ ಜ್ವಾಲಾಮುಖಿ, ಎತ್ತರ ಸುಮಾರು 3,794 ಮೀಟರ್.

ಹೊರಡೋ ಹಿಂದಿನ ರಾತ್ರಿ ಕಾಲಿನ್ಸ್ ಮನೇಲಿ ಅಟ್ಲಾಸ್, ನಕ್ಷೆ ಹರಡಿಕೊಂಡು ಆ ದಾರಿಯನ್ನ ಗುರುತು ಹಾಕಿದ್ರು. ನಮ್ಮಪ್ಪಂದಿರು ದೂರದ ಊರಿಗೆ ಹೊರಡೋ ಹಿಂದಿನ ರಾತ್ರಿ ರೂಟ್ ನೋಡ್ಕೊಳ್ತಾರಲ್ಲ, ಹಾಗೆ. ಮನೆಯವರು ಅದನ್ನ ಕಣ್ಣಾರೆ ನೋಡಿದ್ರು. ಈ ವಿಷಯ ಮುಂದೆ ದೊಡ್ಡ ಸಾಕ್ಷಿ ಆಗುತ್ತೆ, ನೆನಪಿಟ್ಕೊಳ್ಳಿ.

ಭಾಗ 3/10: ಕಂಪ್ಯೂಟರ್‌ನಲ್ಲಿ ಬದಲಾದ ಅಂಕಿಗಳು

ಇದನ್ನ ಸ್ವಲ್ಪ ನಿಧಾನವಾಗಿ ಓದಿ. ಇಡೀ ಕಥೆ ನಿಂತಿರೋದೇ ಇದರ ಮೇಲೆ.

ಮೂಲತಃ ಅನುಮತಿ ಸಿಕ್ಕಿದ್ದ ದಾರಿ ಎರೆಬಸ್ ಬೆಟ್ಟದ ಮೇಲಿಂದಾನೇ ಹೋಗ್ತಿತ್ತು, ತುಂಬಾ ಎತ್ತರದಲ್ಲಿ. 1978ರಲ್ಲಿ ದಾರಿಯ ವಿವರ ಕಂಪ್ಯೂಟರ್‌ಗೆ ಹಾಕುವಾಗ ಕೊನೆಯ ಬಿಂದುವಿನ ರೇಖಾಂಶ 166 ಡಿಗ್ರಿ 48 ನಿಮಿಷದ ಬದಲು 164 ಡಿಗ್ರಿ 48 ನಿಮಿಷ ಅಂತ ಟೈಪ್ ಆಯ್ತು. ಒಂದೇ ಒಂದು ಅಂಕಿ. 6 ಇರಬೇಕಾದ ಜಾಗದಲ್ಲಿ 4. ಇದು ಕಂಪನಿಯೇ ಕೊಟ್ಟ ವಿವರಣೆ.

ಆ ತಪ್ಪಿನಿಂದ ದಾರಿ ಬೆಟ್ಟ ಬಿಟ್ಟು ಪಶ್ಚಿಮಕ್ಕೆ, ಸಮುದ್ರದ ಮೇಲಕ್ಕೆ ಸರಿದಿತ್ತು. ವಿಚಿತ್ರ ಅಂದ್ರೆ ಈ ತಪ್ಪು ದಾರಿಯೇ ಸುರಕ್ಷಿತ ದಾರಿ! ಒಂದು ವರ್ಷಕ್ಕೂ ಹೆಚ್ಚು ಕಾಲ ಕಂಪ್ಯೂಟರ್‌ನಲ್ಲಿ ಅದೇ ಇತ್ತು. ಕಾಲಿನ್ಸ್‌ಗೆ ಬ್ರೀಫಿಂಗ್‌ನಲ್ಲಿ ತೋರಿಸಿದ್ದೂ ಅದೇ.

ನವೆಂಬರ್ ಮಧ್ಯದಲ್ಲಿ ಹೋಗಿಬಂದ ಇನ್ನೊಬ್ಬ ಕ್ಯಾಪ್ಟನ್ ಅಂಕಿಗಳಲ್ಲಿ ಏನೋ ವ್ಯತ್ಯಾಸ ಇದೆ ಅಂತ ಹೇಳಿದ್ರು. ನ್ಯಾವಿಗೇಷನ್ ವಿಭಾಗದವರು ಸರಿ ಮಾಡಿದ್ರು. ಯಾವಾಗ? ನವೆಂಬರ್ 28ರ ಬೆಳಗಿನ ಜಾವ, ವಿಮಾನ ಹೊರಡೋಕೆ ಕೆಲವೇ ಗಂಟೆ ಇರುವಾಗ. ಹೊಸ ಅಂಕಿ 166 ಡಿಗ್ರಿ 58 ನಿಮಿಷ. ತಾವು ಮಾಡ್ತಿರೋದು ಎರಡು ಮೈಲಿಯ ಸಣ್ಣ ತಿದ್ದುಪಡಿ ಅಂತ ಅಂದ್ಕೊಂಡಿದ್ವಿ ಅಂತ ಆಮೇಲೆ ಅವರು ಹೇಳಿದ್ರು. ನಿಜಕ್ಕೂ ದಾರಿ ಸರಿದದ್ದು 27 ನಾಟಿಕಲ್ ಮೈಲಿ, ಅಂದ್ರೆ ಸುಮಾರು 50 ಕಿ.ಮೀ. ಬೆಂಗಳೂರಿಂದ ರಾಮನಗರಕ್ಕೆ ಇರೋಷ್ಟು ದೂರ.

ಹೊಸ ದಾರಿ ನೇರವಾಗಿ ಎರೆಬಸ್ ಬೆಟ್ಟಕ್ಕೆ ಹೋಗ್ತಿತ್ತು.

ಪೈಲಟ್‌ಗಳಿಗೆ ಯಾರೂ ಹೇಳಲಿಲ್ಲ. ಬೆಳಿಗ್ಗೆ ಅವರ ಕೈಗೆ ಬಂದದ್ದು ಅಂಕಿಗಳ ಉದ್ದನೆ ಪಟ್ಟಿ. ಅದನ್ನ ಹಾಗೇ ವಿಮಾನದ ಕಂಪ್ಯೂಟರ್‌ಗೆ ಹಾಕಿದ್ರು. ಪಟ್ಟಿಯಲ್ಲಿರೋದನ್ನ ಸರಿಯಾಗೇ ಹಾಕಿದ್ರು. ಅವರು ನಂಬಿದ ನಕ್ಷೆಯಲ್ಲಿ ಮುಂದೆ ಸಮುದ್ರ ಇತ್ತು, ವಿಮಾನ ನಂಬಿದ ನಕ್ಷೆಯಲ್ಲಿ ಬೆಟ್ಟ ಇತ್ತು.

ಭಾಗ 4/10: ಕಣ್ಣು ತೆರೆದಿದ್ರೂ ಕಾಣದ ಬೆಟ್ಟ

"ಆದ್ರೂ ಅಷ್ಟು ದೊಡ್ಡ ಬೆಟ್ಟ ಕಾಣಲಿಲ್ವಾ?" ಎಲ್ಲರೂ ಕೇಳೋ ಪ್ರಶ್ನೆ. ನಾನೂ ಕೇಳಿದ್ದೆ.

ನಂದಿ ಬೆಟ್ಟದಲ್ಲಿ, ಆಗುಂಬೆಯಲ್ಲಿ ನೀವು ಮಂಜು ನೋಡಿರ್ತೀರಿ. ಮಂಜಿದ್ದಾಗ ಏನೂ ಕಾಣಲ್ಲ, ಕಾಣ್ತಿಲ್ಲ ಅಂತ ನಿಮಗೆ ಗೊತ್ತಾಗುತ್ತೆ. ಹಾಗಾಗಿ ಗಾಡಿ ನಿಧಾನ ಮಾಡ್ತೀರಿ. ಅಂಟಾರ್ಕ್ಟಿಕಾದಲ್ಲಿ ಆದದ್ದು ಬೇರೆ. ಅದಕ್ಕೆ ವೈಟ್‌ಔಟ್ ಅಂತಾರೆ. ಮೇಲೆ ಬಿಳೀ ಮೋಡ, ಕೆಳಗೆ ಬಿಳೀ ಹಿಮ, ಮಧ್ಯೆ ಗಾಳಿ ಪೂರ್ತಿ ತಿಳಿ. ಬೆಳಕು ಎಲ್ಲಾ ಕಡೆಯಿಂದ ಒಂದೇ ಥರ ಬರೋದ್ರಿಂದ ನೆರಳೇ ಬೀಳಲ್ಲ. ನೆರಳಿಲ್ಲ ಅಂದ್ರೆ ಏರು ಯಾವುದು, ಬಯಲು ಯಾವುದು ಗೊತ್ತಾಗಲ್ಲ. ಗೋಡೆಗೂ ನೆಲಕ್ಕೂ ಒಂದೇ ಬಿಳೀ ಸುಣ್ಣ ಬಳಿದ ರೂಮಿನಲ್ಲಿ ಮೂಲೆ ಕಾಣದೇ ಹೋದ್ರೆ ಹೇಗಿರುತ್ತೆ, ಹಾಗೆ. ಅಕ್ಕಪಕ್ಕದ ಕಪ್ಪು ಬಂಡೆಗಳು ಕಿಲೋಮೀಟರ್‌ಗಟ್ಟಲೆ ದೂರದವರೆಗೂ ಸ್ಪಷ್ಟವಾಗಿ ಕಾಣ್ತಿರುತ್ತವೆ, ಎದುರಿಗಿರೋ ಬಿಳೀ ಇಳಿಜಾರು ಮಾತ್ರ ದೂರದ ಬಯಲಿನ ಹಾಗೆ ಕಾಣುತ್ತೆ.

ಮಂಜಲ್ಲಿ ಕಾಣ್ತಿಲ್ಲ ಅಂತ ಗೊತ್ತಿರುತ್ತೆ. ವೈಟ್‌ಔಟಲ್ಲಿ ಎಲ್ಲಾ ಕಾಣ್ತಿದೆ ಅಂತ ಅನಿಸ್ತಿರುತ್ತೆ.

ಅಮೆರಿಕದ ಮೆಕ್‌ಮರ್ಡೋ ನೆಲೆಯವರು ರೇಡಾರ್ ಸಹಾಯದಿಂದ 1,500 ಅಡಿವರೆಗೆ ಇಳಿಸಬಹುದು ಅಂತ ಹೇಳಿದ್ರು. ಕಾಲಿನ್ಸ್ ತಿಳಿ ಗಾಳಿ ಇದ್ದ ಜಾಗದಲ್ಲಿ ಸುತ್ತು ಹಾಕ್ತಾ ಕೆಳಗಿಳಿದ್ರು. ಎರಡೂ ಪಕ್ಕ ಕಾಣ್ತಿದ್ದ ಬಂಡೆಗಳು ಮೆಕ್‌ಮರ್ಡೋ ಸೌಂಡಿನ ಬಾಗಿಲಿನ ಹಾಗೇ ಇದ್ವು. ಅದು ಅಲ್ಲ, ಪಕ್ಕದ ಲೂಯಿಸ್ ಕೊಲ್ಲಿ ಅಂತ ಗೊತ್ತಾಗೋಕೆ ಯಾವ ಕಾರಣವೂ ಇರಲಿಲ್ಲ.

ಮಧ್ಯಾಹ್ನ 12:49. ನೆಲ ಹತ್ತಿರ ಬರ್ತಿದೆ ಅನ್ನೋ ಅಲಾರಂ ಹೊಡ್ಕೊಳ್ತು. ಕಾಲಿನ್ಸ್ ಶಾಂತವಾಗೇ ಇಂಜಿನ್‌ಗೆ ಪೂರ್ತಿ ಶಕ್ತಿ ಕೊಡೋಕೆ ಹೇಳಿದ್ರು. ಉಳಿದಿದ್ದು ಸುಮಾರು 6 ಸೆಕೆಂಡ್.

ಭಾಗ 5/10: ಸತ್ತವರು ಸಾಕ್ಷಿ ಹೇಳಲ್ಲ

ಆಗ ನ್ಯೂಜಿಲೆಂಡ್ ಸುಮಾರು 31 ಲಕ್ಷ ಜನರ ದೇಶ. ನಮ್ಮ ಒಂದೆರಡು ಜಿಲ್ಲೆಯಷ್ಟು. ಸತ್ತವರು ಯಾರಿಗೋ ನೆಂಟರು, ಯಾರಿಗೋ ಪರಿಚಯ. ಇಡೀ ದೇಶಕ್ಕೇ ಸೂತಕ.

ವಿಮಾನ ಕಂಪನಿ ಸರ್ಕಾರದ್ದು. ಅಂದ್ರೆ ಕಂಪನಿ ತಪ್ಪು ಅಂದ್ರೆ ಸರ್ಕಾರಕ್ಕೂ ಮುಜುಗರ. ಪೈಲಟ್ ತಪ್ಪು ಅಂದ್ರೆ? ಒಬ್ಬ ಮನುಷ್ಯ, ಅವನೂ ಸತ್ತಿದ್ದಾನೆ. ಫೈಲ್ ಮುಚ್ಚಬಹುದು.

ಕಂಪನಿಯ ಮುಖ್ಯಸ್ಥ ಮೋರಿ ಡೇವಿಸ್ ಒಂದು ಆದೇಶ ಕೊಟ್ಟಿದ್ರು. ಈ ವಿಮಾನಕ್ಕೆ ಸಂಬಂಧಪಟ್ಟ ಕಾಗದಗಳನ್ನೆಲ್ಲ ಒಂದೇ ಫೈಲಿಗೆ ತನ್ನಿ, ಹೆಚ್ಚುವರಿ ಪ್ರತಿಗಳನ್ನ ನಾಶ ಮಾಡಿ. ಗುಟ್ಟು ಪತ್ರಿಕೆಗಳಿಗೆ ಸೋರಬಾರದು ಅನ್ನೋದು ಅವರು ಕೊಟ್ಟ ಕಾರಣ. ಕಾರಣ ಏನೇ ಇರಲಿ, ತನಿಖೆ ನಡೀತಿರೋವಾಗ ಕಾಗದ ಚೂರು ಮಾಡಿದ್ರೆ ನೋಡೋರಿಗೆ ಏನನ್ಸುತ್ತೆ ನೀವೇ ಹೇಳಿ. ಕಾಲಿನ್ಸ್ ಜೊತೆ ಒಯ್ದಿದ್ದ ರಿಂಗ್ ಬೈಂಡರ್ ಹಿಮದಲ್ಲಿ ಸಿಕ್ತು. ಮನೆಗೆ ವಾಪಸ್ ಬರೋವಾಗ ಒಳಗಿನ ಹಾಳೆಗಳಿರಲಿಲ್ಲ.

1980ರಲ್ಲಿ ಸರ್ಕಾರದ ಮುಖ್ಯ ಅಪಘಾತ ತನಿಖಾಧಿಕಾರಿ ರಾನ್ ಚಿಪಿಂಡೇಲ್ ಅವರ ವರದಿ ಬಂತು. ಮುಂದೆ ನೆಲ, ದಿಗಂತ ಸರಿಯಾಗಿ ಕಾಣದ ಜಾಗ ಇತ್ತು, ತಾವೆಲ್ಲಿದ್ದೀವಿ ಅನ್ನೋದು ಸಿಬ್ಬಂದಿಗೆ ಖಚಿತ ಇರಲಿಲ್ಲ, ಆದ್ರೂ ಕ್ಯಾಪ್ಟನ್ ಕಡಿಮೆ ಎತ್ತರದಲ್ಲೇ ಮುಂದುವರೆದರು, ಅದೇ ಕಾರಣ ಅಂತ ಅದರ ಸಾರ. ಅಂಕಿ ಬದಲಾದ ವಿಷಯ ವರದಿಯಲ್ಲಿತ್ತು, ಆದ್ರೆ ಕಾರಣದ ಜಾಗದಲ್ಲಿ ಇರಲಿಲ್ಲ.

ಒಂದು ಕ್ಷಣ ಆ ಮನೆಯವರ ಜಾಗದಲ್ಲಿ ನಿಂತು ನೋಡಿ. ಅಪ್ಪನನ್ನ ಕಳ್ಕೊಂಡಿದ್ದೀರಿ. ಮೇಲಿಂದ 256 ಜನರ ಸಾವಿಗೂ ನಿಮ್ಮಪ್ಪನೇ ಕಾರಣ ಅಂತ ಪೇಪರಲ್ಲಿ ಬಂದಿದೆ. ಅಪ್ಪ ಎದ್ದು ಬಂದು ಉತ್ತರ ಕೊಡೋ ಹಾಗಿಲ್ಲ.

ಭಾಗ 6/10: ಫೋಟೋಗಳು ಮಾತಾಡಿದವು

ಈ ಪೋಸ್ಟ್ ಹಾಕೋಕೆ ನನಗೆ ಮನಸ್ಸಾಗಿದ್ದೇ ಈ ಭಾಗದಿಂದ.

ಅದು ನೋಡೋಕೆ ಹೋಗಿದ್ದ ಜನರ ವಿಮಾನ. ಎಲ್ಲರ ಕೈಯಲ್ಲೂ ಕ್ಯಾಮೆರಾ. ಹಿಮದಲ್ಲಿ ಸಿಕ್ಕಿದ ಕ್ಯಾಮೆರಾಗಳ ರೀಲ್‌ಗಳನ್ನ ತೊಳೆದಾಗ ಫೋಟೋಗಳು ಬಂದ್ವು. ಡಿಕ್ಕಿಗೆ ಸ್ವಲ್ಪವೇ ಮುಂಚೆ ಕ್ಲಿಕ್ ಮಾಡಿದ್ದೂ ಇತ್ತು.

ಆ ಫೋಟೋಗಳಲ್ಲಿ ಕಿಟಕಿಯಾಚೆ ಮೋಡ ಇಲ್ಲ. ಬಂಡೆ, ಸಮುದ್ರ, ಹಿಮ ಎಲ್ಲಾ ನಿಚ್ಚಳ. ಅಂದ್ರೆ ಕ್ಯಾಪ್ಟನ್ ಕಣ್ಮುಚ್ಚಿಕೊಂಡು ಮೋಡದೊಳಗೆ ನುಗ್ಗಿದ್ರು ಅನ್ನೋ ಮಾತು ನಿಲ್ಲಲ್ಲ. ತಿಳಿ ಗಾಳಿಯಲ್ಲೇ ಹಾರ್ತಿದ್ರು, ಆದ್ರೂ ಬೆಟ್ಟ ಕಾಣ್ತಿರಲಿಲ್ಲ. ಹಾಗಾದ್ರೆ ಯಾಕೆ ಕಾಣಲಿಲ್ಲ ಅಂತ ಕೇಳಲೇಬೇಕಾಯ್ತು.

ಹಾಗೆ ಕೇಳಿದವರಲ್ಲಿ ಒಬ್ಬರು ಅದೇ ಕಂಪನಿಯ ಕ್ಯಾಪ್ಟನ್ ಗಾರ್ಡನ್ ವೆಟ್. ಕಂಪನಿಯಲ್ಲಿದ್ದುಕೊಂಡೇ ಕಂಪನಿಯ ಮಾತಿಗೆ ಎದುರು ನಿಂತ್ರು. ವೈಟ್‌ಔಟ್ ಮನುಷ್ಯನ ಕಣ್ಣಿಗೆ, ಮೆದುಳಿಗೆ ಹೇಗೆ ಮೋಸ ಮಾಡುತ್ತೆ ಅನ್ನೋದನ್ನ ಬೆನ್ನು ಹತ್ತಿದ್ರು. ಹೀಗೆ ಮಾಡೋರಿಗೆ ಆಫೀಸಿನಲ್ಲಿ ಎಂಥಾ ಮರ್ಯಾದೆ ಸಿಗುತ್ತೆ ಅಂತ ನಿಮಗೆ ಬಿಡಿಸಿ ಹೇಳಬೇಕಿಲ್ಲ.

ಭಾಗ 7/10: ಒಬ್ಬ ನ್ಯಾಯಾಧೀಶ ಅಂಟಾರ್ಕ್ಟಿಕಾಕ್ಕೆ ಹೋದರು

ಜನ ಸುಮ್ಮನಿರಲಿಲ್ಲ, ಪೈಲಟ್‌ಗಳೂ ಸುಮ್ಮನಿರಲಿಲ್ಲ. ನ್ಯಾಯಮೂರ್ತಿ ಪೀಟರ್ ಮ್ಯಾಹನ್ ಅವರ ವಿಚಾರಣಾ ಆಯೋಗ ಕೂತ್ತು. ಮ್ಯಾಹನ್ ಅವರಿಗೆ ವಿಮಾನದ ಬಗ್ಗೆ ಮೊದಲು ಏನೂ ಗೊತ್ತಿರಲಿಲ್ಲ. ಕೂತು ಕಲಿತ್ರು. ಸ್ವತಃ ಅಂಟಾರ್ಕ್ಟಿಕಾಕ್ಕೆ ಹೋಗಿ ಆ ಬೆಳಕು, ಆ ಹಿಮ ನೋಡಿ ಬಂದ್ರು.

ಅವರು ಹಿಡಿದದ್ದು ಸರಳ ಪ್ರಶ್ನೆಗಳನ್ನ.

ಒಂದು: ಕಾಲಿನ್ಸ್ ಮನೇಲಿ ಗುರುತು ಹಾಕಿಕೊಂಡ ದಾರಿ ಯಾವುದು? ಸಮುದ್ರದ ಮೇಲಿನದು. ಮನೆಯವರ ಸಾಕ್ಷಿ ಇತ್ತು. ಅಂದ್ರೆ ತಾನೆಲ್ಲಿದ್ದೀನಿ ಅಂತ ಅವರಿಗೆ ಅನುಮಾನ ಇರಲಿಲ್ಲ. ಖಚಿತವಾಗಿ ನಂಬಿದ್ರು, ನಂಬಿಸಿದವರು ಕಂಪನಿಯವರು.

ಎರಡು: ಅಷ್ಟು ಕೆಳಗೆ ಹಾರಬಾರದು ಅಂತ ನಿಯಮ ಇತ್ತು ಅಂತ ಮ್ಯಾನೇಜ್‌ಮೆಂಟ್ ಹೇಳಿತು. ಸರಿ. ಹಾಗಾದ್ರೆ ಹಿಂದಿನ ವಿಮಾನಗಳು ಕೆಳಗೆ ಹಾರಿದ್ದು? ಅದರ ಸುಂದರ ವರ್ಣನೆ ಕಂಪನಿಯದೇ ಪ್ರಚಾರ ಪತ್ರಿಕೆಯಲ್ಲಿ ಬಂದಿದ್ದು? ನಮಗೆ ಗೊತ್ತೇ ಇರಲಿಲ್ಲ ಅಂದ್ರು ಮೇಲಿನವರು. ಟಿಕೆಟ್ ಮಾರೋವಾಗ ಗೊತ್ತಿದ್ದದ್ದು ಸಾಕ್ಷಿ ಕಟ್ಟೆ ಹತ್ತಿದ ತಕ್ಷಣ ಮರೆತುಹೋಯ್ತು.

ಮೂರು: ಕಾಕ್‌ಪಿಟ್ ಟೇಪ್. ಒಳಗೆ ಯಾರಿಗೋ ಅನುಮಾನ ಬಂದಿತ್ತು ಅನ್ನೋ ಹಾಗೆ ಕೆಲವು ಮಾತುಗಳನ್ನ ಓದಲಾಗಿತ್ತು. ಐದಾರು ಜನ ಒಟ್ಟಿಗೆ ಮಾತಾಡ್ತಿರೋ, ಗಲಾಟೆ ತುಂಬಿದ ಟೇಪ್ ಅದು. ಆ ಓದನ್ನ ಮ್ಯಾಹನ್ ಒಪ್ಪಲಿಲ್ಲ.

1981ರ ಏಪ್ರಿಲ್‌ನಲ್ಲಿ ವರದಿ ಬಂತು. ಮುಖ್ಯ ಕಾರಣ, ದಾರಿಯ ಅಂಕಿ ಬದಲಿಸಿ ಸಿಬ್ಬಂದಿಗೆ ಹೇಳದೇ ಇದ್ದ ಕಂಪನಿಯ ಕೆಲಸ. ಸಿಬ್ಬಂದಿಯದು ತಪ್ಪಿಲ್ಲ. ಅಷ್ಟಕ್ಕೇ ನಿಲ್ಲಲಿಲ್ಲ. ಕಂಪನಿಯ ಹಿರಿಯರು ಮೊದಲೇ ಮಾತಾಡಿಕೊಂಡು ಬಂದು ತನ್ನೆದುರು ಸುಳ್ಳಿನ ಸರಮಾಲೆ ಪೋಣಿಸಿದ್ರು ಅನ್ನೋ ಅರ್ಥದ ತೀಕ್ಷ್ಣ ಮಾತನ್ನೂ ಬರೆದ್ರು. ಆ ಮಾತು ನ್ಯೂಜಿಲೆಂಡಿನಲ್ಲಿ ಇವತ್ತಿಗೂ ಗಾದೆ ಥರ ಓಡಾಡುತ್ತೆ.

ಭಾಗ 8/10: ಸತ್ಯ ಹೇಳಿದವರಿಗೆ ಆದದ್ದು

ಇಲ್ಲಿಗೆ ಕಥೆ ಮುಗಿದು ಚಪ್ಪಾಳೆ ಬೀಳಬೇಕಿತ್ತು ಅಲ್ವಾ? ಬೀಳಲಿಲ್ಲ.

ಪ್ರಧಾನಿ ರಾಬರ್ಟ್ ಮಲ್ಡೂನ್ ಕಂಪನಿಯ ಪರ ನಿಂತ್ರು. ವರದಿಯನ್ನ ಸಂಸತ್ತಿನಲ್ಲಿ ಮಂಡಿಸಲಿಲ್ಲ. ಮೋರಿ ಡೇವಿಸ್ ಹುದ್ದೆ ಬಿಟ್ರು, ಆದ್ರೆ ಕಂಪನಿ ಕೋರ್ಟಿಗೆ ಹೋಯ್ತು. 1981ರ ಕೊನೆಯಲ್ಲಿ ಮೇಲ್ಮನವಿ ನ್ಯಾಯಾಲಯ ಕಂಪನಿ ಕಡೆಗೆ ತೀರ್ಪು ಕೊಡ್ತು. ಇಷ್ಟು ದೊಡ್ಡ ಆರೋಪ ಹೊರಿಸೋಕೆ ಮುಂಚೆ ಆ ಅಧಿಕಾರಿಗಳಿಗೆ ಉತ್ತರ ಕೊಡೋ ಅವಕಾಶ ಕೊಡಬೇಕಿತ್ತು, ಕೊಟ್ಟಿಲ್ಲ ಅನ್ನೋದು ಕಾರಣ. ಮ್ಯಾಹನ್ ನ್ಯಾಯಾಧೀಶ ಹುದ್ದೆಗೆ ರಾಜೀನಾಮೆ ಕೊಟ್ರು. 1983ರಲ್ಲಿ ಲಂಡನ್ನಿನ ಪ್ರಿವಿ ಕೌನ್ಸಿಲ್ ಕೂಡ, ಒಟ್ಟು ಸೇರಿ ಸಂಚು ಮಾಡಿದ್ರು ಅನ್ನೋಕೆ ಪುರಾವೆ ಸಾಲದು ಅಂತು.

ಇಲ್ಲಿ ನಾವೂ ನ್ಯಾಯವಾಗಿರೋಣ. ಪೈಲಟ್‌ಗೆ ಆದ ಅನ್ಯಾಯ ಏನು? ಉತ್ತರ ಕೊಡೋ ಅವಕಾಶ ಇಲ್ಲದೇ ತಪ್ಪಿತಸ್ಥ ಆದದ್ದು. ಅದೇ ನಿಯಮ ಮ್ಯಾನೇಜರ್‌ಗಳಿಗೂ ಅನ್ವಯಿಸಬೇಕು. ಆ ವಿಷಯದಲ್ಲಿ ಕೋರ್ಟು ಹೇಳಿದ್ದು ಸುಳ್ಳಲ್ಲ. ಇನ್ನೂ ಒಂದು ಮಾತು. ಚಿಪಿಂಡೇಲ್ ಏನೂ ಖಳನಾಯಕ ಅಲ್ಲ. ಏನೇ ಇದ್ರೂ ಆ ಎತ್ತರಕ್ಕೆ ಇಳೀಬಾರದಿತ್ತು ಅಂತ ವಾದಿಸೋ ವಿಮಾನ ತಜ್ಞರು ಇವತ್ತೂ ಇದ್ದಾರೆ.

ಆದ್ರೆ ಅಪಘಾತದ ಕಾರಣದ ಬಗ್ಗೆ ಮ್ಯಾಹನ್ ಹೇಳಿದ್ದನ್ನ ಆ ಕೋರ್ಟುಗಳು ತೆಗೆದುಹಾಕಲಿಲ್ಲ. ಅವರು 1986ರಲ್ಲಿ ತೀರಿಕೊಂಡ್ರು. ಅವರ ವರದಿ ಸಂಸತ್ತಿನ ಮೇಜಿನ ಮೇಲೆ ಬಂದದ್ದು 1999ರಲ್ಲಿ. ಅವರು ಹೋಗಿ 13 ವರ್ಷ ಆದಮೇಲೆ.

ಭಾಗ 9/10: ಎಲ್ಲರ ಮನೆ ದೋಸೆನೂ ತೂತೇ

1990ರ ಸುಮಾರಿಗೆ ಜೇಮ್ಸ್ ರೀಸನ್ ಅನ್ನೋ ಮನಶ್ಶಾಸ್ತ್ರಜ್ಞ ಅಪಘಾತಗಳ ಬಗ್ಗೆ ಒಂದು ವಿಚಾರ ಮುಂದಿಟ್ರು. ತೂತು ತೂತಾದ ಸ್ವಿಸ್ ಚೀಸ್‌ನ ಉದಾಹರಣೆಯಲ್ಲಿ ಅದು ಪ್ರಸಿದ್ಧಿ ಆಯ್ತು. ನಮಗೆ ಅದಕ್ಕಿಂತ ಚೆನ್ನಾಗಿ ಗೊತ್ತಿರೋದು ದೋಸೆ. ಪ್ರತಿ ದೋಸೇಲೂ ತೂತಿರುತ್ತೆ. ನಾಲ್ಕೈದು ದೋಸೆ ಒಂದರ ಮೇಲೊಂದು ಇಟ್ರೆ ಒಂದರ ತೂತನ್ನ ಇನ್ನೊಂದು ಮುಚ್ಚುತ್ತೆ. ಎಲ್ಲಾ ತೂತೂ ಒಂದೇ ಸಾಲಿಗೆ ಬಂದ ದಿನ ಮಾತ್ರ ಕಡ್ಡಿ ಆಚೆಗೆ ತೂರುತ್ತೆ.

ಎರೆಬಸ್‌ನಲ್ಲಿ ಸಾಲಿಗೆ ಬಂದ ತೂತುಗಳು: ಟೈಪಿಂಗ್ ತಪ್ಪು. ಅದನ್ನ ಒಂದು ವರ್ಷ ಯಾರೂ ಗಮನಿಸದೇ ಇದ್ದದ್ದು. ತಿದ್ದಿದವರು ಹೇಳದೇ ಇದ್ದದ್ದು. ವೈಟ್‌ಔಟ್ ಬಗ್ಗೆ ತರಬೇತಿ ಇಲ್ಲದ್ದು. ಕಾಗದದಲ್ಲಿ ಒಂದು ನಿಯಮ, ರೂಢಿಯಲ್ಲಿ ಇನ್ನೊಂದು ಇದ್ದದ್ದು. ಕಾಲಿನ್ಸ್ ಕೊನೇ ದೋಸೆ ಅಷ್ಟೇ. ಕೊನೆಯವನನ್ನ ಬೈದು ಸುಮ್ಮನಾದ್ರೆ ಉಳಿದ ತೂತುಗಳು ಹಾಗೇ ಉಳಿಯುತ್ತವೆ, ಮುಂದಿನ ವಿಮಾನಕ್ಕೆ ಕಾಯ್ತಾ. ತಪ್ಪು ಹೊರಿಸೋದು ಅನ್ಯಾಯ ಮಾತ್ರ ಅಲ್ಲ, ಅಪಾಯ ಕೂಡ.

ನಮ್ಮೂರಿಗೂ ಬರೋಣ. 1990ರ ಫೆಬ್ರವರಿ 14. ಬಾಂಬೆಯಿಂದ ಬಂದ ಇಂಡಿಯನ್ ಏರ್‌ಲೈನ್ಸ್‌ನ ಏರ್‌ಬಸ್ ಎ320 ಬೆಂಗಳೂರಿನ ಹೆಚ್‌ಎಎಲ್ ರನ್‌ವೇಗೆ ಸ್ವಲ್ಪ ಮುಂಚೆ, ಗಾಲ್ಫ್ ಮೈದಾನದಲ್ಲಿ ನೆಲಕ್ಕೆ ಬಡೀತು. 146 ಜನರಲ್ಲಿ 92 ಜನ ಸತ್ರು. ಕರ್ನಾಟಕ ಹೈಕೋರ್ಟಿನ ನ್ಯಾಯಮೂರ್ತಿ ಶಿವಶಂಕರ ಭಟ್ ಅವರ ತನಿಖೆ, ಇಂಜಿನ್ ಐಡಲ್‌ನಲ್ಲಿದ್ದದ್ದನ್ನ ಪೈಲಟ್‌ಗಳು ಸಮಯಕ್ಕೆ ಸರಿಯಾಗಿ ಅರಿಯಲಿಲ್ಲ ಅಂತ ಹೇಳಿತು. ಇದು ಎರೆಬಸ್ ಥರದ ಕೇಸ್ ಅಲ್ಲ. ಆದ್ರೆ ಅಲ್ಲೂ ಎರಡನೇ ಪ್ರಶ್ನೆ ಇತ್ತು: ಭಾರತಕ್ಕೆ ಹೊಸದಾಗಿ ಬಂದಿದ್ದ, ಕಂಪ್ಯೂಟರ್ ತುಂಬಿದ ವಿಮಾನ, ಅನುಭವಿ ಪೈಲಟ್‌ಗಳು, ಆದ್ರೂ ಅವರಿಗೆ ಯಾಕೆ ಗೊತ್ತಾಗಲಿಲ್ಲ? "ಯಾರು" ಅಂತ ಕೇಳಿ ನಿಂತ್ರೆ ಒಬ್ಬರ ಹೆಸರು ಸಿಗುತ್ತೆ. "ಯಾಕೆ" ಅಂತ ಕೇಳಿದ್ರೆ ಮುಂದಿನ ವಿಮಾನ ಉಳಿಯುತ್ತೆ.

ಭಾಗ 10/10: 40 ವರ್ಷದ ಮೇಲೆ ಒಂದು ಕ್ಷಮೆ

2009ರಲ್ಲಿ ಏರ್ ನ್ಯೂಜಿಲೆಂಡ್ ಮುಖ್ಯಸ್ಥ ರಾಬ್ ಫೈಫ್, ಕುಟುಂಬಗಳನ್ನ ಕಂಪನಿ ನಡೆಸಿಕೊಂಡ ರೀತಿಗೆ ಕ್ಷಮೆ ಕೇಳಿದ್ರು. ಅಪಘಾತಕ್ಕೆ ಅಲ್ಲ, ಆಮೇಲಿನ ನಡವಳಿಕೆಗೆ. ಕೊನೆಗೆ 2019ರ ನವೆಂಬರ್ 28ರಂದು, ಸರಿಯಾಗಿ 40 ವರ್ಷಕ್ಕೆ, ಪ್ರಧಾನಿ ಜಸಿಂಡಾ ಆರ್ಡರ್ನ್ ಸರ್ಕಾರದ ಪರವಾಗಿ ಕ್ಷಮೆ ಕೇಳಿದ್ರು. ಆಗಿನ ಸರ್ಕಾರಿ ಕಂಪನಿಯ ಕ್ರಮಗಳಿಂದಲೇ ವಿಮಾನ ಕಳ್ಕೊಂಡ್ವಿ, ಪೈಲಟ್‌ಗಳದು ತಪ್ಪಿಲ್ಲ ಅನ್ನೋದನ್ನ ಬಹಿರಂಗವಾಗಿ ಹೇಳಿದ್ರು. ಆ ಮಾತು ಕೇಳಬೇಕಿದ್ದ ಎಷ್ಟೋ ಜನ ಅಷ್ಟರಲ್ಲಿ ಇರಲೇ ಇಲ್ಲ.

ನಾವೆಲ್ಲ ಇನ್ನೇನು ಕೆಲಸಕ್ಕೆ ಸೇರೋ ವಯಸ್ಸಿನವರು. ಒಂದಲ್ಲ ಒಂದು ದಿನ ನಮ್ಮ ಟೀಮಲ್ಲೂ ಏನೋ ಎಡವಟ್ಟಾಗುತ್ತೆ. ಮೀಟಿಂಗ್‌ನಲ್ಲಿ ಎಲ್ಲರ ಕಣ್ಣೂ ರೂಮಿನಲ್ಲಿ ಇಲ್ಲದವನ ಕಡೆಗೆ ತಿರುಗುತ್ತೆ. ರಜೆಯಲ್ಲಿದ್ದ ಜೂನಿಯರ್, ಕೆಲಸ ಬಿಟ್ಟು ಹೋದವಳು, ಎದುರು ಮಾತಾಡೋಕೆ ಆಗದವನು. ಆ ಹೊತ್ತಿಗೆ ಒಬ್ಬರಾದ್ರೂ ಗಾರ್ಡನ್ ವೆಟ್ ಥರ ಕೈ ಎತ್ತಿ, "ಒಂದು ನಿಮಿಷ ಸರ್, ಆ ಅಂಕಿ ಬದಲಾಗಿದೆ ಅಂತ ಅವನಿಗೆ ಯಾರಾದ್ರೂ ಹೇಳಿದ್ರಾ?" ಅಂತ ಕೇಳಬೇಕು. ಆ ಒಬ್ಬರು ನೀವಾಗಬಹುದು.

ಕೊನೇ ಫೋಟೋದಲ್ಲಿ ಕಾಣ್ತಿರೋದು ಎರೆಬಸ್. ಬಿಸಿಲಲ್ಲಿ ನೆರಳು ಬಿದ್ದಿರೋದ್ರಿಂದ ಪ್ರತಿ ಮಡಿಕೆಯೂ ಎದ್ದು ಕಾಣ್ತಿದೆ. ಆ ದಿನ ಕಾಲಿನ್ಸ್‌ಗೆ ಆ ನೆರಳು ಸಿಗಲಿಲ್ಲ.

ಓದಿದ್ದು ಇಷ್ಟ ಆದ್ರೆ ಸೇವ್ ಮಾಡಿಟ್ಕೊಳ್ಳಿ. ಪೈಲಟ್ ಆಗಬೇಕು ಅಂತಿರೋ ನಿಮ್ಮ ಫ್ರೆಂಡ್‌ಗೆ ಕಳಿಸಿ. ಅದಕ್ಕಿಂತ ಮುಖ್ಯವಾಗಿ, ಮುಂದೆ ಮ್ಯಾನೇಜರ್ ಆಗಬೇಕು ಅಂತಿರೋ ಫ್ರೆಂಡ್‌ಗೆ ಕಳಿಸಿ. ನಿಮಗೇನನ್ನಿಸ್ತು ಕೆಳಗೆ ಬರೀರಿ, ಒಪ್ಪದೇ ಇದ್ರೂ ಪರವಾಗಿಲ್ಲ.

#ಇತಿಹಾಸ #ಎರೆಬಸ್ #ವಿಮಾನಯಾನ #ಯಾರುಅಲ್ಲಯಾಕೆ #ಕನ್ನಡದಲ್ಲಿಓದಿ